ಹಕ್ಕಿಗಳ ಕಾಳು ಅಳಿಲಿಗೆ ಸಿಗದಂತೆ ಮಾಡಿದ ಬಗೆ

ಹಿತ್ತಲಲ್ಲಿ ಹಕ್ಕಿಗಳಿಗೆಂದು ತೂಗುಹಾಕಿದ ಕಾಳನ್ನೆಲ್ಲ ಅಳಿಲುಗಳೇ ಮುಗಿಸುತ್ತಿದ್ದವು. ಈಗ ನಿಂತಿದೆ.

ಮುಖ್ಯವಾದದ್ದು ಜಾಗ. ಅಳಿಲು ಅಡ್ಡಕ್ಕೆ ಎಂಟು ಅಡಿಯಷ್ಟು ನೆಗೆಯಬಲ್ಲದು, ಕೊಂಬೆಯಿಂದ ಕೆಳಕ್ಕಾದರೆ ಇನ್ನೂ ದೂರ. ಅದಕ್ಕೇ ಮರ, ಗೋಡೆ, ಬೇಲಿ ಎಲ್ಲದರಿಂದ 10 ಅಡಿಗೂ ಆಚೆ ಒಂದು ಕಬ್ಬಿಣದ ಕಂಬ ನೆಟ್ಟು, ಕಾಳಿನ ಡಬ್ಬಿಯನ್ನು ಅದರ ತುದಿಗೆ ಕಟ್ಟಿದೆ.

ಆಮೇಲೆ ಕಂಬಕ್ಕೆ 6 ಇಂಚು ಅಗಲ, 2 ಅಡಿ ಉದ್ದದ ಪಿವಿಸಿ ಪೈಪು ತೊಡಿಸಿದೆ. ಪೈಪಿನ ಮೇಲ್ತುದಿಗೆ ಮುಚ್ಚಳ, ಮುಚ್ಚಳದ ನಡುವೆ ಕಂಬ ತೂರುವಷ್ಟೇ ತೂತು. ಕಂಬಕ್ಕೆ ಬಿಗಿದ ಕ್ಲಾಂಪಿನ ಮೇಲೆ ಮುಚ್ಚಳ ಕೂರುತ್ತದೆ. ಕೆಳತುದಿ ತೆರೆದೇ ಇರಲಿ, ಪೈಪು ತುಸು ಅಲ್ಲಾಡಲಿ. ಪೈಪಿನ ಮೇಲ್ತುದಿ ನೆಲದಿಂದ 5 ಅಡಿಯಾದರೂ ಎತ್ತರವಿರಬೇಕು, ಇಲ್ಲವಾದರೆ ನೆಲದಿಂದಲೇ ಹಾರಿ ಹಿಡಿಯುತ್ತದೆ. ಕಂಬ ಹತ್ತಿದ ಅಳಿಲು ಪೈಪಿನೊಳಗೆ ಹೋಗಿ, ಮೇಲೆ ದಾರಿ ಕಾಣದೆ ಇಳಿದುಬರುತ್ತದೆ. ಹೊರಮೈ ನುಣುಪು, ಉಗುರು ನಿಲ್ಲದು.

ಕಾಳಿಗೆ ಮೆಣಸಿನಪುಡಿ ಬೆರೆಸುವುದೂ ಉಂಟು. ಖಾರ ಹಕ್ಕಿಗಳಿಗೆ ತಟ್ಟದು, ಅಳಿಲಿಗೆ ಉರಿಯುತ್ತದೆ. ಪುಡಿ ಗಾಳಿಗೆ ಹಾರಿ ಕಣ್ಣಿಗೆ ಬೀಳುತ್ತದೆಂದು ನಾನು ಬಳಸಲಿಲ್ಲ.

ಕಂಬಕ್ಕೆ ಗ್ರೀಸ್, ಎಣ್ಣೆ ಮಾತ್ರ ದಯವಿಟ್ಟು ಹಚ್ಚಬೇಡಿ. ಗರಿಗೆ ಅಂಟಿದರೆ ಹಕ್ಕಿಗೆ ಹಾರುವುದೂ ಕಷ್ಟ, ಮೈ ಬೆಚ್ಚಗಿಟ್ಟುಕೊಳ್ಳುವುದೂ ಕಷ್ಟ.