ಕಲ್ಲಿನೊಡನೆ ಬಂದ ಬಸವನಹುಳುಗಳನ್ನು ಗುರುತಿಸಿ ಉಳಿಸಿಕೊಂಡ ಬಗೆ

ಹವಳಗಳನ್ನು ಸಾಕುವ ಕಡಲನೀರಿನ ರೀಫ್ ಟ್ಯಾಂಕಿಗೆ ನಾವು ದುಡ್ಡು ಕೊಟ್ಟು ತರುವ ಬಸವನಹುಳುಗಳಿಗಿಂತ, ಲೈವ್ ರಾಕ್ (ಜೀವಿಗಳು ನೆಲೆಸಿದ ಕಡಲ ಕಲ್ಲು) ಮತ್ತು ಹವಳದ ತುಂಡುಗಳಿಗೆ ಅಂಟಿಕೊಂಡು ತಾವಾಗಿಯೇ ಬರುವ ಬಸವನಹುಳುಗಳೇ ಹೆಚ್ಚು ಕಾಲ ಬಾಳುತ್ತವೆ ಎಂಬುದು ನನ್ನ ಅನುಭವ. ನಾನಿರುವ ಫ್ಲಾರಿಡಾದಲ್ಲಿ ಕಡಲಿನಿಂದ ಸಹಜ ಲೈವ್ ರಾಕ್ ಕೀಳುವುದು ನಿಷಿದ್ಧ. ಪರವಾನಗಿ ಪಡೆದವರು ಗಣಿಯ ಸುಣ್ಣಕಲ್ಲನ್ನು ಕಡಲ ತಳದಲ್ಲಿ ವರ್ಷಗಟ್ಟಲೆ ಇರಿಸಿ, ಅದರ ಮೇಲೆ ಜೀವಿಗಳು ನೆಲೆಸಿದ ಮೇಲೆ ತೆಗೆದು ಮಾರುತ್ತಾರೆ. ಭಾರತದಲ್ಲಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ, ಊರಿನ ಓದುಗರು ಕಡಲತೀರದಿಂದ ಕಲ್ಲು, ಹವಳ ತರುವ ಯೋಚನೆಯನ್ನೇ ಮಾಡಬಾರದು.

ಹೊಸ ಕಲ್ಲು ಬಂದಾಗ ಅದನ್ನು ನೇರವಾಗಿ ಮುಖ್ಯ ಟ್ಯಾಂಕಿಗೆ ಹಾಕದೆ, ಹೀಟರ್ ಮತ್ತು ಚಿಕ್ಕ ಪಂಪ್ ಇರುವ ಬೇರೊಂದು ತೊಟ್ಟಿಯಲ್ಲಿ ಕೆಲವು ವಾರ ಇಡುತ್ತೇನೆ. ಬಸವನಹುಳುಗಳಲ್ಲಿ ಬಹುಪಾಲು ನಿಶಾಚರಿಗಳು. ದೀಪವಾರಿದ ಒಂದೆರಡು ಗಂಟೆಯ ನಂತರ ಕೆಂಪು ಬೆಳಕಿನ ಟಾರ್ಚ್ ಹಿಡಿದು ನೋಡಿದರೆ, ಹಗಲಿನಲ್ಲಿ ಬರಿದಾಗಿದ್ದ ಕಲ್ಲಿನ ಮೇಲೆ ಎಷ್ಟು ಜೀವಗಳಿವೆ ಎಂದು ತಿಳಿಯುತ್ತದೆ.

ಗುರುತಿಸುವಾಗ ನಾನು ಬಣ್ಣವನ್ನು ನಂಬುವುದಿಲ್ಲ, ಏಕೆಂದರೆ ಸುಣ್ಣದಂಥ ಗುಲಾಬಿ ಪಾಚಿ ಬೆಳೆದರೆ ಎಲ್ಲ ಚಿಪ್ಪುಗಳೂ ಒಂದೇ ಬಗೆಯಾಗಿ ಕಾಣುತ್ತವೆ. ಮೊದಲು ನೋಡುವುದು ಚಿಪ್ಪಿನ ಬಾಯಿ. ಅದರ ಅಂಚಿನಲ್ಲಿ ಕಚ್ಚು (ಸೀಳು) ಇಲ್ಲದೆ ದುಂಡಗಿದ್ದರೆ ಸಾಮಾನ್ಯವಾಗಿ ಪಾಚಿ ಮೇಯುವ ಜಾತಿ. ಬಾಯಿಯ ಒಂದು ತುದಿಯಲ್ಲಿ ಕಚ್ಚೋ ಕಾಲುವೆಯೋ ಇದ್ದು, ಅದರೊಳಗಿಂದ ಸೊಂಡಿಲಿನಂಥ ಕೊಳವೆ ಹೊರಚಾಚಿದರೆ ಅದು ನೀರಿನಲ್ಲಿ ವಾಸನೆ ಹಿಡಿದು ಮಾಂಸ ಹುಡುಕುವ ಜೀವಿಯಾಗಿರುವ ಸಂಭವ ಹೆಚ್ಚು. ಆದರೆ ಈ ನಿಯಮಕ್ಕೆ ಅಪವಾದಗಳಿವೆ: ಸೆರಿತ್ ಎಂಬ ಬಸವನಹುಳುವಿನ ಚಿಪ್ಪಿನಲ್ಲಿ ಕಾಲುವೆಯಿದ್ದರೂ ಅದು ಪಾಚಿಯನ್ನೇ ತಿನ್ನುತ್ತದೆ, ನಸ್ಸಾರಿಯಸ್ ಎಂಬುದಕ್ಕೆ ಉದ್ದ ಸೊಂಡಿಲಿದ್ದರೂ ಅದು ಮರಳಿನಲ್ಲಿ ಹುದುಗಿದ್ದು ಉಳಿದ ಆಹಾರವನ್ನು ತಿಂದು ಉಪಕಾರವನ್ನೇ ಮಾಡುತ್ತದೆ. ಆದ್ದರಿಂದ ಅನುಮಾನ ಬಂದ ಹುಳುವನ್ನು ರಂಧ್ರಗಳಿರುವ ಪಾರದರ್ಶಕ ಡಬ್ಬಿಯಲ್ಲಿ, ಪಾಚಿ ಹಿಡಿದ ಸಣ್ಣ ಕಲ್ಲಿನೊಂದಿಗೆ ಇಟ್ಟು, ಅದು ಏನು ತಿನ್ನುತ್ತದೆ ಎಂದು ನೋಡಿದ ಮೇಲೆಯೇ ತೀರ್ಮಾನಿಸುತ್ತೇನೆ. ಶಂಕುವಿನಾಕಾರದ ಕೋನ್ ಬಸವನಹುಳುವಿನ ಕುಟುಕು ವಿಷಕಾರಿಯಾದ್ದರಿಂದ, ಪರಿಚಯವಿಲ್ಲದ ಯಾವುದನ್ನೂ ಬರಿಗೈಯಲ್ಲಿ ಮುಟ್ಟದೆ ಉದ್ದನೆಯ ಚಿಮಟ ಬಳಸುವುದು ಕ್ಷೇಮ.

ನನಗೆ ಅತ್ಯಂತ ಪ್ರಿಯವಾದದ್ದು ಹವಳದ ತುಂಡೊಂದರ ಜೊತೆ ಬಂದ ಸ್ಟೊಮಟೆಲ್ಲಾ ಎಂಬ ಬಸವನಹುಳು. ಕಿವಿಯಾಕಾರದ ಚಪ್ಪಟೆ ಚಿಪ್ಪು ಅದರ ಮೈಯನ್ನು ಪೂರ್ತಿ ಮುಚ್ಚುವುದಿಲ್ಲ, ಹಿಂದೆ ಪಾದ ಉದ್ದಕ್ಕೆ ಚಾಚಿರುತ್ತದೆ. ಚಿಮಟ ತಾಗಿದೊಡನೆ ಹಲ್ಲಿ ಬಾಲ ಕಳಚುವಂತೆ ಪಾದದ ಹಿಂತುದಿಯನ್ನು ಕಳಚಿಬಿಟ್ಟು, ಬಸವನಹುಳುವಿನಿಂದ ನಾವು ನಿರೀಕ್ಷಿಸದ ವೇಗದಲ್ಲಿ ಬಿರುಕಿಗೆ ಜಾರಿಕೊಳ್ಳುತ್ತದೆ. ಕಳಚಿದ ತುಂಡು ಸ್ವಲ್ಪ ಹೊತ್ತು ಹೊರಳಾಡುತ್ತಿರುತ್ತದೆ, ಕಳೆದುಹೋದ ಭಾಗ ಮತ್ತೆ ಬೆಳೆಯುತ್ತದೆ. ಕೆಲವೊಮ್ಮೆ ಇವು ಕಲ್ಲಿನ ಎತ್ತರದ ಜಾಗಕ್ಕೆ ಹತ್ತಿ ಹೊಗೆಯಂಥ ಬಿಳಿ ವೀರ್ಯವನ್ನು ನೀರಿಗೆ ಬಿಡುತ್ತವೆ. ಟ್ಯಾಂಕಿನಲ್ಲೇ ಮರಿಗಳಾಗಿ ಸಂತತಿ ಮುಂದುವರಿಯುತ್ತದೆ ಎಂಬುದೇ ಇವುಗಳ ದೊಡ್ಡ ಗುಣ. ಕೆಲವೇ ಮಿಲಿಮೀಟರ್ ಗಾತ್ರದ ದುಂಡನೆಯ ಕೊಲ್ಲೊನಿಸ್ಟಾಗಳೂ ಹೀಗೆಯೇ ಹೆಚ್ಚುತ್ತವೆ, ಅವುಗಳಿಂದ ತೊಂದರೆಯಿಲ್ಲ.

ಕೊಲ್ಲೊನಿಸ್ಟಾ ಅಥವಾ ಸೆರಿತ್‌ನ ಮರಿಗಳೆಂದು ತಪ್ಪಾಗಿ ತಿಳಿಯಬಹುದಾದದ್ದು ಪಿರಮಿಡೆಲಿಡ್. ಅಕ್ಕಿನುಚ್ಚಿನಂಥ ಈ ಬಿಳಿ ಹುಳು ಪಾಚಿಯ ಮೇಲಿರುವುದಕ್ಕಿಂತ ಟ್ರೋಕಸ್, ಟರ್ಬೊ ಬಸವನಹುಳುಗಳ ಚಿಪ್ಪಿನ ಅಂಚಿನಲ್ಲಿ ಅಥವಾ ದೈತ್ಯ ಕಪ್ಪೆಚಿಪ್ಪಿನ ತುಟಿಯ ಬಳಿ ಗುಂಪಾಗಿ ಕುಳಿತು, ತೆಳುವಾದ ಸೊಂಡಿಲಿನಿಂದ ಅವುಗಳ ದ್ರವ ಹೀರುತ್ತದೆ. ರಾತ್ರಿ ಭೂತಕನ್ನಡಿಯಲ್ಲಿ ನೋಡಿ, ಪೀಡಿತ ಹುಳುವನ್ನು ಬೇರೆ ಪಾತ್ರೆಯ ಕಡಲನೀರಿನಲ್ಲಿ ಮೃದು ಬ್ರಷ್‌ನಿಂದ ಉಜ್ಜಿ ತೆಗೆಯುತ್ತೇನೆ; ಚಿಪ್ಪಿಗಂಟಿದ ಲೋಳೆಯಂಥ ಮೊಟ್ಟೆಯ ಮುದ್ದೆಯನ್ನೂ ಬಿಡುವುದಿಲ್ಲ. ಹವಳಗಳ ಬಂಧುಗಳಾದ ಜೊವಾಂಥಿಡ್‌ಗಳನ್ನು ತಿನ್ನುವ ಹೀಲಿಯಾಕಸ್ ಬಸವನಹುಳು ಕಂಡರೆ ಕೂಡಲೇ ಹೊರಗೆ. ಕಲ್ಲಿಗೆ ಬೆಸೆದ ಕೊಳವೆಯಲ್ಲಿದ್ದು ಲೋಳೆಯ ಬಲೆ ಬೀಸಿ ಹವಳಗಳನ್ನು ಕಾಡುವ ವರ್ಮೆಟಿಡ್‌ಗಳ ಬಾಯನ್ನು ಸೂಪರ್‌ಗ್ಲೂ ಜೆಲ್‌ನಿಂದ ಮುಚ್ಚುತ್ತೇನೆ, ಪುಡಿ ಆಹಾರವನ್ನೂ ಕಡಿಮೆ ಮಾಡುತ್ತೇನೆ.

ಉಳಿಸಿಕೊಳ್ಳಬೇಕಾದವುಗಳಿಗೆ ವಿಶೇಷ ಉಪಚಾರ ಬೇಕಿಲ್ಲ, ಆದರೆ ಹಸಿವಿನಿಂದ ಸಾಯದಂತೆ ನೋಡಿಕೊಳ್ಳಬೇಕು. ಮುಂದಿನ ಗಾಜನ್ನು ಮಾತ್ರ ಉಜ್ಜಿ, ಹಿಂದಿನ ಮತ್ತು ಪಕ್ಕದ ಗಾಜಿನ ಪಾಚಿಯನ್ನು ಅವುಗಳಿಗೇ ಬಿಟ್ಟಿದ್ದೇನೆ. ನೀರಿನ ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25ರಿಂದ 26 ಡಿಗ್ರಿ ಸೆಲ್ಸಿಯಸ್, ಕ್ಯಾಲ್ಸಿಯಂ 420 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಆಸುಪಾಸಿನಲ್ಲಿರುತ್ತದೆ. ಬಸವನಹುಳುಗಳು ಉಪ್ಪಿನಂಶದ ದಿಢೀರ್ ಏರಿಳಿತವನ್ನು ಸಹಿಸವಾದ್ದರಿಂದ, ತೊಟ್ಟಿಯಿಂದ ಮುಖ್ಯ ಟ್ಯಾಂಕಿಗೆ ಬಿಡುವ ಮುನ್ನ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಸೇರಿಸುತ್ತೇನೆ. ಪಂಪುಗಳ ಬಾಯಿಗೆ ಸ್ಪಂಜು ಕಟ್ಟಿದ್ದೇನೆ. ಮೀನಿನ ರೋಗಕ್ಕೆ ಬಳಸುವ ತಾಮ್ರದ ಔಷಧಿ ಇವುಗಳಿಗೆ ಮಾರಕವಾದ್ದರಿಂದ, ಆ ಚಿಕಿತ್ಸೆಯೆಲ್ಲ ಬೇರೆ ಟ್ಯಾಂಕಿನಲ್ಲಿ, ಬೇರೆಯದೇ ಬಲೆ ಮತ್ತು ಬಕೆಟ್ ಬಳಸಿ ನಡೆಯುತ್ತದೆ.