ಕಚೇರಿಯೊಳಗಿನ ಮಾಹಿತಿ ಜಾಲದ ನಕ್ಷೆ ಬರೆದದ್ದು ಹೀಗೆ

ಸ್ನಾತಕೋತ್ತರ ಪ್ರಬಂಧಕ್ಕೆ ಕಲಬುರಗಿಯ ಒಂದು ಸರ್ಕಾರಿ ಕಚೇರಿ ಆರಿಸಿಕೊಂಡೆ, 40 ಜನ. ಕೆಲಸದ ಮಾಹಿತಿ ಬೇಕಾದಾಗ ಯಾರು ಯಾರ ಹತ್ತಿರ ಹೋಗುತ್ತಾರೆ ಎಂಬುದು ಪ್ರಶ್ನೆ. ಒಬ್ಬೊಬ್ಬರನ್ನು ಚುಕ್ಕಿಯಾಗಿ, ಒಬ್ಬರು ಇನ್ನೊಬ್ಬರ ಹತ್ತಿರ ಹೋದದ್ದನ್ನು ಚುಕ್ಕಿಗಳ ನಡುವಿನ ಗೆರೆಯಾಗಿ, ಅಂದರೆ ಕೊಂಡಿಯಾಗಿ ತೋರಿಸುವ ನಕ್ಷೆ ಬೇಕು. ಅದನ್ನು ಬರೆಯುವ ಸಾಫ್ಟ್‌ವೇರ್ ಕೆಲಸ ಬೇಗ ಮುಗಿಯುತ್ತದೆ. ಹೆಣಗಾಟವೆಲ್ಲ ಹೆಸರಿನ ಪಟ್ಟಿ ಮತ್ತು ಪ್ರಶ್ನಾವಳಿಯದು.

ಹಾಜರಿ ಪುಸ್ತಕವೊಂದನ್ನೇ ನಂಬಿದರೆ ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್, ಡ್ರೈವರ್ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. ಕಡತ ಯಾವ ಟೇಬಲ್ಲಿಗೆ ಹೋಗಿದೆ ಎಂದು ಗೊತ್ತಿರುವುದು ಬಹುಪಾಲು ಅವರಿಗೇ. ಅವರಿಲ್ಲದ ನಕ್ಷೆಯಲ್ಲಿ ಸಂಬಂಧವೇ ಇಲ್ಲದಂತೆ ಕಾಣುವ ಎರಡು ಶಾಖೆಗಳ ನಡುವೆ, ಅವರನ್ನು ಸೇರಿಸಿದೊಡನೆ ದಾರಿ ಕಾಣುತ್ತದೆ. ಹೆಸರಿನ ತಾಪತ್ರಯವೂ ಉಂಟು. ನಮ್ಮ ಕಡೆ ಒಂದೇ ಕಚೇರಿಯಲ್ಲಿ ಇಬ್ಬರು ಮೂವರು ಶರಣಪ್ಪ ಇರುತ್ತಾರೆ, ಪಾಟೀಲರಂತೂ ಕೇಳಲೇಬೇಡಿ. ಅದಕ್ಕೇ ನೆನಪಿನಿಂದ ಹೆಸರು ಬರೆಸದೆ, ಹೆಸರು, ಹುದ್ದೆ, ಶಾಖೆ, ಕ್ರಮಸಂಖ್ಯೆ ಅಚ್ಚು ಮಾಡಿಸಿ ಗುರುತು ಹಾಕಿಸಿದೆ. ಪಟ್ಟಿ ಬಹಳ ಉದ್ದವಾದರೆ ಜನ ಬೇಸತ್ತು ಸಾಲಾಗಿ ಟಿಕ್ ಹಾಕಿಬಿಡುತ್ತಾರೆ.

‘ಯಾರೊಂದಿಗೆ ಸಂವಹನ ನಡೆಸುತ್ತೀರಿ?’ ಎಂದು ಕೇಳಿದಿರೋ, ‘ಎಲ್ಲಾರ ಜೋಡಿ ಮಾತಾಡ್ತೀವ್ರಿ’ ಎಂಬ ಉತ್ತರ ಸಿದ್ಧ. ‘ಕಳೆದ ಎರಡು ವಾರದಾಗ ಕೆಲಸದ ಮಾಹಿತಿ ಕೇಳಲಿಕ್ಕೆ ನೀವು ಯಾರ ಹತ್ರ ಹೋಗಿದ್ರಿ?’ ಎಂದು ಅವಧಿ, ವಿಷಯ, ದಿಕ್ಕು ಮೂರನ್ನೂ ಹಿಡಿದು ಕೇಳಬೇಕು. ‘ನಿಮ್ಮ ಹತ್ರ ಯಾರ್ಯಾರು ಬಂದಿದ್ರು?’ ಎಂಬುದನ್ನೂ ಕೇಳಿದರೆ ತಾಳೆ ನೋಡಬಹುದು. ತಾಳೆ ತಪ್ಪುವುದು ಹೆಚ್ಚಾಗಿ ಸಾಹೇಬರ ಸುತ್ತಲೇ: ಹೋಗಿದ್ದೆ ಎನ್ನುವವರು ಹತ್ತು ಜನ, ಸಾಹೇಬರಿಗೆ ನೆನಪಿರುವುದು ನಾಲ್ಕು. ವಾಟ್ಸ್‌ಆ್ಯಪ್ ಗುಂಪಿನ ಸುತ್ತೋಲೆಯನ್ನು ಕೊಂಡಿಯಾಗಿ ಎಣಿಸಲಿಲ್ಲ. ಎಣಿಸಿದರೆ ಎಲ್ಲರೂ ಎಲ್ಲರಿಗೂ ಅಂಟಿಕೊಂಡು ನೋಡಲು ಏನೂ ಉಳಿಯದು.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಕಚೇರಿ ಬೆಳಿಗ್ಗೆ 8ರಿಂದ 1.30ರವರೆಗೆ. ಹನ್ನೆರಡರ ಮೇಲೆ ಪ್ರಶ್ನಾವಳಿ ಕೊಟ್ಟರೆ ಅದು ಡ್ರಾಯರ್ ಸೇರಿತೆಂದೇ ಲೆಕ್ಕ.

ಉತ್ತರಗಳನ್ನು ಕೋಷ್ಟಕಕ್ಕೆ ಇಳಿಸುವಾಗ ಉತ್ತರ ಕೊಟ್ಟ ಒಬ್ಬೊಬ್ಬರಿಗೂ ಒಂದು ಸಾಲು, ಅವರು ಯಾರ ಹತ್ತಿರ ಹೋದರೋ ಅವರಿಗೆ ಒಂದು ಕಂಬ; ಹೋಗಿದ್ದರೆ ಆ ಕೋಶದಲ್ಲಿ ಒಂದು, ಇಲ್ಲದಿದ್ದರೆ ಸೊನ್ನೆ. ತಮ್ಮ ಹತ್ತಿರ ತಾವೇ ಹೋಗುವಂತಿಲ್ಲವಾದ್ದರಿಂದ 40 ಜನರಿಗೆ 40×39, ಅಂದರೆ 1560 ಕೋಶಗಳು. ಆರು ಜನ ಉತ್ತರ ಕೊಡದಿದ್ದರೆ 234 ಕೋಶ ಖಾಲಿ. ಅಲ್ಲಿ ಸೊನ್ನೆ ತುಂಬಬಾರದು. ಸೊನ್ನೆ ಎಂದರೆ ‘ಹೋಗಿಲ್ಲ’ ಎಂದರ್ಥ, ‘ಗೊತ್ತಿಲ್ಲ’ ಎಂದಲ್ಲ. ಆ ಆರು ಜನರ ಹತ್ತಿರ ಎಷ್ಟು ಮಂದಿ ಬಂದರು ಎಂಬುದು ಉಳಿದವರ ಉತ್ತರದಿಂದ ಸಿಗುತ್ತದೆ. ಆದರೆ ಸಮಾಜಶಾಸ್ತ್ರಜ್ಞ ಲಿಂಟನ್ ಫ್ರೀಮನ್ 1977ರಲ್ಲಿ ಸೂತ್ರ ಕೊಟ್ಟ ಬಿಟ್ವೀನ್‌ನೆಸ್, ಅಂದರೆ ಇತರರ ನಡುವಿನ ಅತಿ ಹತ್ತಿರದ ದಾರಿಗಳಲ್ಲಿ ಒಬ್ಬರು ಎಷ್ಟು ಸಲ ಬರುತ್ತಾರೆ ಎಂಬ ಅಳತೆ, ಒಂದೆರಡು ಕೊಂಡಿ ತಪ್ಪಿದರೂ ಏರುಪೇರಾಗುತ್ತದೆ. ಹಾಗಾಗಿ ಉತ್ತರ ಕೊಡದವರ ಬೆನ್ನು ಬಿಡಬಾರದು.

ಒಂದೇ ಶಾಖೆಯವರು ತಮ್ಮತಮ್ಮಲ್ಲೇ ಹೆಚ್ಚು ಮಾತಾಡುತ್ತಾರೆಯೇ ಎಂದು ಪರೀಕ್ಷಿಸಲು ಮಾಮೂಲಿ ರಿಗ್ರೆಷನ್, ಅಂದರೆ ಒಂದು ಅಂಶಕ್ಕೂ ಇನ್ನೊಂದಕ್ಕೂ ಇರುವ ನಂಟು ಅಳೆಯುವ ಸಂಖ್ಯಾಶಾಸ್ತ್ರದ ವಿಧಾನ, ಒಗ್ಗದು. ಒಬ್ಬರ ಸಾಲಿನ ಕೋಶಗಳು ಒಂದಕ್ಕೊಂದು ತಳಕು ಹಾಕಿಕೊಂಡಿರುವುದರಿಂದ, ನಂಟೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ ಎಷ್ಟು ಎಂದು ತಿಳಿಸುವ ಪಿ-ಮೌಲ್ಯ ಸುಳ್ಳು ಹೇಳುತ್ತದೆ. ಕೋಷ್ಟಕದ ಸಾಲು, ಕಂಬ ಎರಡನ್ನೂ ಒಂದೇ ಕ್ರಮದಲ್ಲಿ ಒಟ್ಟಿಗೇ ಮತ್ತೆ ಮತ್ತೆ ಕಲಕಿ, ಸಿಕ್ಕ ಫಲಿತಾಂಶವನ್ನು ಅವುಗಳೊಂದಿಗೆ ಹೋಲಿಸುವ ಕ್ಯೂಎಪಿ ಎಂಬ ವಿಧಾನ ಬೇಕು. ಯುಸಿನೆಟ್, ಆರ್ ಎಂಬ ಎರಡು ಸಾಫ್ಟ್‌ವೇರ್‌ಗಳಲ್ಲೂ ಇದೆ.

ಹೆಸರಿನ ಬದಲು ಸಂಖ್ಯೆ ಹಾಕಿದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ‘ಲೆಕ್ಕ ಶಾಖೆಯ ಮಹಿಳಾ ಎಫ್‌ಡಿಎ’ ಎಂದರೆ ಇಡೀ ಕಚೇರಿಗೆ ಯಾರೆಂದು ಗೊತ್ತು. ಮುಖ್ಯಸ್ಥರು ನಕ್ಷೆ ಕೇಳಿಯೇ ಕೇಳುತ್ತಾರೆ; ಕೊಡುವುದು ಶಾಖಾವಾರು ಮೊತ್ತ ಮಾತ್ರ ಎಂದು ಅನುಮತಿ ಪತ್ರದಲ್ಲೇ ಮೊದಲು ಬರೆಸಿಕೊಂಡಿರಬೇಕು.