ಆ ಒಂದು ಕಾಲಂ: ಡಿಸೆಬಿಲಿಟಿ ಪೆನ್ಷನ್ ಕ್ಲೇಮು ಮಾಡಿದ ಬಗೆ

ಕೊಪ್ಪಳ, ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಮಾಜಿ ಸೈನಿಕರ ಟ್ರಂಕಿನಲ್ಲಿ ಸಾಮಾನ್ಯವಾಗಿ ಎರಡು ಕಾಗದ ಭದ್ರವಾಗಿರುತ್ತವೆ. ಒಂದು ಡಿಸ್ಚಾರ್ಜ್ ಬುಕ್, ಇನ್ನೊಂದು ಪಿಪಿಒ, ಅಂದರೆ ಪೆನ್ಷನ್ ಪಾವತಿ ಆದೇಶ. ಮೂರನೆಯ ಕಾಗದ ಇರುವುದಿಲ್ಲ, ಆದರೆ ಡಿಸೆಬಿಲಿಟಿ ಪೆನ್ಷನ್ನಿನ, ಅಂದರೆ ಸೇವೆಯಲ್ಲಿ ಬಂದ ಅಂಗವೈಕಲ್ಯಕ್ಕೆ ಕೊಡುವ ಪಿಂಚಣಿಯ, ಕೇಸು ನಿಂತಿರುವುದು ಆ ಮೂರನೆಯದರ ಮೇಲೆ. ಅದು ಬಿಡುಗಡೆಗೆ ಮುಂಚೆ ನಡೆದ ರಿಲೀಸ್ ಮೆಡಿಕಲ್ ಬೋರ್ಡಿನ ಪ್ರೊಸೀಡಿಂಗ್ಸ್, ಎಎಫ್‌ಎಂಎಸ್‌ಎಫ್-16 ಎಂಬ ಫಾರ್ಮು. ಅವಧಿಗೆ ಮುಂಚೆಯೇ ಕಾಯಿಲೆಯಿಂದ ಮನೆಗೆ ಕಳುಹಿಸಿದ್ದರೆ ಅದನ್ನು ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್ ಅನ್ನುತ್ತಾರೆ, ಫಾರ್ಮು ಅದೇ. ನನ್ನ ಕ್ಲೇಮಿನಲ್ಲಿ ನಾನು ಮೊದಲು ಮಾಡಿದ ತಪ್ಪೂ ಇದೇ, ಆ ಫಾರ್ಮು ಕಣ್ಣಿಂದ ನೋಡದೆ ಅರ್ಜಿ ಬರೆದದ್ದು. ಆಮೇಲೆ ಬೇರೆಯವರಿಗೆ ಬರೆದುಕೊಡುವಾಗ ಆ ಫಾರ್ಮು ಮೇಜಿನ ಮೇಲೆ ಬರುವ ತನಕ ಪೆನ್ನು ಎತ್ತಿಲ್ಲ.

ಡಿಸೆಬಿಲಿಟಿ ಪೆನ್ಷನ್ನಿಗೆ ಬೀಗ ಎರಡು. ಅಂಗವೈಕಲ್ಯ 20 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಅದು ಸೇವೆಯಿಂದಲೇ ಬಂದದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು ಎಂದು ಒಪ್ಪಿರಬೇಕು. 1961ರ ಸೇನಾ ಪೆನ್ಷನ್ ರೆಗ್ಯುಲೇಷನ್ನಿನ 173ನೇ ನಿಯಮದಿಂದ ಹಿಡಿದು ಇಲ್ಲಿಯವರೆಗೆ ಮೂಲ ಮಾತು ಇಷ್ಟೇ. ಶೇಕಡಾ ಎಷ್ಟಿದ್ದರೂ ಎರಡನೆಯ ಬೀಗ ತೆಗೆಯದಿದ್ದರೆ ಒಂದು ಪೈಸೆ ಬರುವುದಿಲ್ಲ. ಸುಮಾರು ಜನ 'ನಂದು 30 ಪರ್ಸೆಂಟ್ ಐತ್ರಿ, ಆದ್ರೂ ರಿಜೆಕ್ಟ್ ಆಗೈತ್ರಿ' ಅನ್ನುವುದು ಇದಕ್ಕೇ.

ಫಾರ್ಮಿನಲ್ಲಿ ಓದಬೇಕಾದ ಜಾಗ ನಾಲ್ಕು. ಮೊದಲ ಭಾಗದಲ್ಲಿ ನಿಮ್ಮದೇ ಹೇಳಿಕೆ ಇರುತ್ತದೆ. ಅದರಲ್ಲಿ ಸೇವೆ ಮಾಡಿದ ಜಾಗಗಳ ಪಟ್ಟಿ, ಪ್ರತಿಯೊಂದರ ಮುಂದೆ ಪೀಸ್ (ಶಾಂತಿಯ ನೆಲೆ) ಅಥವಾ ಫೀಲ್ಡ್ (ಕಾರ್ಯಾಚರಣೆಯ ಪ್ರದೇಶ) ಎಂಬ ಗುರುತು. ಎರಡನೆಯದು ಕಾಯಿಲೆ ಶುರುವಾದ ದಿನಾಂಕ ಮತ್ತು ಜಾಗ. ಮೂರನೆಯದು ಬೋರ್ಡಿನ ಅಭಿಪ್ರಾಯದ ಕೋಷ್ಟಕ. ಎಡಗಡೆ ಕಾಯಿಲೆಯ ಹೆಸರು, ಅದರ ಪಕ್ಕ ಮೂರು ಸಣ್ಣ ಕಾಲಂ: ಆಟ್ರಿಬ್ಯೂಟಬಲ್ (ಸೇವೆಯಿಂದಲೇ ಬಂದದ್ದು) ಹೌದೋ ಅಲ್ಲವೋ, ಅಗ್ರವೇಟೆಡ್ (ಸೇವೆಯಿಂದ ಉಲ್ಬಣಿಸಿದ್ದು) ಹೌದೋ ಅಲ್ಲವೋ, ಸೇವೆಗೆ ಸಂಬಂಧವಿಲ್ಲವೋ. ಅದರಾಚೆ 'ಕಾರಣ' ಬರೆಯುವ ಜಾಗ. ನಾಲ್ಕನೆಯದು ಶೇಕಡಾ, ಮತ್ತು ಅದು ಜೀವನಪರ್ಯಂತವೋ ಇಷ್ಟು ವರ್ಷಕ್ಕೋ ಎಂಬುದು.

ಈ ನಾಲ್ಕರಲ್ಲಿ ಕಾರಣದ ಕಾಲಂ ಮೇಲೆ ನಾನು ಹೆಚ್ಚು ಹೊತ್ತು ಕೂಡುತ್ತೇನೆ. ಬಹಳ ಸಲ ಅಲ್ಲಿ ಒಂದೇ ಸಾಲು: ಪೀಸ್ ಸ್ಟೇಷನ್ನಿನಲ್ಲಿ ಶುರುವಾಗಿದೆ, ಸೇವೆಯ ಒತ್ತಡಕ್ಕೆ ಸಂಬಂಧವಿಲ್ಲ. ಇಲ್ಲವೇ 'ಕಾನ್‌ಸ್ಟಿಟ್ಯೂಷನಲ್' ಎಂಬ ಒಂದೇ ಪದ, ಅಂದರೆ ಮೈಗುಣ. ಬಿಪಿ ಮತ್ತು ಸಕ್ಕರೆ ಕಾಯಿಲೆಯ ಕೇಸುಗಳಲ್ಲಿ ಇದು ತೀರಾ ಮಾಮೂಲು. ಹೀಗಿದ್ದರೆ ಪೋಸ್ಟಿಂಗ್ ಪಟ್ಟಿಯನ್ನು ಶುರುವಾದ ದಿನಾಂಕದ ಪಕ್ಕದಲ್ಲಿಟ್ಟು ನೋಡಿ. ಫೀಲ್ಡಿನಿಂದ, ಎತ್ತರದ ಪ್ರದೇಶದಿಂದ ಅಥವಾ ಕೌಂಟರ್ ಇನ್ಸರ್ಜೆನ್ಸಿ (ಬಂಡುಕೋರರ ವಿರುದ್ಧದ) ಕೆಲಸದಿಂದ ಪೀಸ್ ಸ್ಟೇಷನ್ನಿಗೆ ಬಂದು ಮೂರು ನಾಲ್ಕು ತಿಂಗಳಿಗೆ ವಾರ್ಷಿಕ ತಪಾಸಣೆಯಲ್ಲಿ ಬಿಪಿ ಸಿಕ್ಕಿದ್ದರೆ, ಸಿಕ್ಕ ಜಾಗ ಪೀಸ್ ಇರಬಹುದು, ಹುಟ್ಟಿದ ಜಾಗ ಅಲ್ಲವಲ್ಲ. ಮಿಲಿಟರಿ ವೈದ್ಯರಿಗಾಗಿ ಇರುವ ಗೈಡ್ 2002ರಲ್ಲೂ ಫೀಲ್ಡ್ ಮತ್ತು ಎತ್ತರದ ಪ್ರದೇಶದ ಸೇವೆಯಲ್ಲಿ ಶುರುವಾದ ಬಿಪಿಯನ್ನು ಉಲ್ಬಣ ಎಂದು ಪರಿಗಣಿಸಲು ಅವಕಾಶವಿದೆ. ಹೃದಯಾಘಾತದ ಕೇಸಿನಲ್ಲಿ ಅದಕ್ಕೆ ಮುಂಚಿನ 14 ದಿನದ ಡ್ಯೂಟಿ ಚಾರ್ಟರ್, ಅಂದರೆ ಆಗ ಮಾಡಿದ ಕೆಲಸಗಳ ವಿವರ, ನೋಡುತ್ತಾರೆ. ಆ ಚಾರ್ಟರ್ ಬರೆಯುವುದು ಯೂನಿಟ್ಟು. ಅದರಲ್ಲಿ 'ರೊಟೀನ್ ಡ್ಯೂಟಿ' ಎಂದಷ್ಟೇ ಬರೆದು ಕಳಿಸಿದ್ದರೆ ಕೇಸು ಅಲ್ಲೇ ಕುಂಟುತ್ತದೆ.

ಬಿದ್ದು ಪೆಟ್ಟಾದ ಕೇಸು ಬೇರೆ. ಅದಕ್ಕೆ ಐಎಎಫ್‌ವೈ-2006 ಎಂಬ ಗಾಯದ ವರದಿ ಬೇಕು, ಕಮಾಂಡಿಂಗ್ ಆಫೀಸರ್ ಸಹಿಯೊಂದಿಗೆ. ಗಾಯವಾದಾಗ ನೀವು ಡ್ಯೂಟಿಯಲ್ಲಿದ್ದಿರೋ ಇಲ್ಲವೋ, ನಿಮ್ಮ ತಪ್ಪಿತ್ತೋ ಇಲ್ಲವೋ ಎಂಬುದು ಅದರಲ್ಲಿರುತ್ತದೆ. ಕೋರ್ಟ್ ಆಫ್ ಇನ್‌ಕ್ವೈರಿ ಆಗಿದ್ದರೆ ಅದರ ಪ್ರತಿಯೂ ಬೇಕು. ಇನ್ನೂ ಸೇವೆಯಲ್ಲಿರುವ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ವರದಿಯ ಒಂದು ಫೋಟೋಕಾಪಿ ಈಗಲೇ ಮನೆಗೆ ಕಳಿಸಿಬಿಡಿ. ಮತ್ತೆ, ಆಪರೇಷನ್ ಬೇಡ ಎಂದು ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸಿ. ಚಿಕಿತ್ಸೆ ನಿರಾಕರಿಸಿದಿರೇ ಎಂಬ ಪ್ರಶ್ನೆ ಆ ಫಾರ್ಮಿನಲ್ಲಿದೆ, ಹೌದು ಎಂದು ಬಿದ್ದರೆ ಶೇಕಡಾ ಇಳಿಸಲು ಅದೊಂದು ನೆಪ.

ಕಾಗದ ಕೈಯಲ್ಲಿ ಇಲ್ಲದವರಿಗೆ ದಾರಿ ಮಾಹಿತಿ ಹಕ್ಕು. ಅರ್ಜಿ ಹೋಗಬೇಕಾದದ್ದು ನಿಮ್ಮ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ. ಮದ್ರಾಸ್ ಎಂಜಿನಿಯರ್ ಗ್ರೂಪಿನವರದು (ಎಂಇಜಿ) ಬೆಂಗಳೂರು, ಮರಾಠಾ ಲೈಟ್ ಇನ್ಫೆಂಟ್ರಿಯವರದು ಬೆಳಗಾವಿ, ಎಲೆಕ್ಟ್ರಾನಿಕ್ಸ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್ ವಿಭಾಗದವರದು (ಇಎಂಇ) ಸಿಕಂದರಾಬಾದ್, ಆರ್ಟಿಲರಿಯವರದು ನಾಸಿಕ್, ಸಿಗ್ನಲ್ಸ್‌ನವರದು ಜಬಲ್ಪುರ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಪ್ರತಿ ಪುಟಕ್ಕೆ 2 ರೂಪಾಯಿ ಆಮೇಲೆ ಕೇಳುತ್ತಾರೆ. ಉತ್ತರಕ್ಕೆ 30 ದಿನ. 'ನನ್ನ ಮೆಡಿಕಲ್ ದಾಖಲೆ ಕೊಡಿ' ಎಂದು ಬರೆದರೆ ಒಂದು ಪುಟದ ಸಾರಾಂಶ ಬಂದು ಕೂತುಬಿಡುತ್ತದೆ. ಬಿಡಿಬಿಡಿಯಾಗಿ ಕೇಳಿ: ರಿಲೀಸ್ ಮೆಡಿಕಲ್ ಬೋರ್ಡಿನ ಎಲ್ಲ ಪುಟಗಳು, ಕ್ಲೇಮು ತಿರಸ್ಕರಿಸಿದ ಆದೇಶ, ಭರ್ತಿಯ ವೇಳೆಯ ವೈದ್ಯಕೀಯ ಪರೀಕ್ಷೆಯ ಪ್ರತಿ, ಮೆಡಿಕಲ್ ಕೆಟಗರಿ (ಆರೋಗ್ಯದ ದರ್ಜೆ) ಇಳಿಸಿದ ಪ್ರತಿಯೊಂದು ಬೋರ್ಡ್, ದಿನಾಂಕವಾರು ಪೋಸ್ಟಿಂಗ್ ವಿವರ. ಪೆನ್ಷನ್ ಇಲ್ಲದೆ ಬಂದವರ ದಾಖಲೆಗಳನ್ನು 25 ವರ್ಷದ ನಂತರ ನಾಶ ಮಾಡುವ ಪದ್ಧತಿ ಇರುವುದರಿಂದ ಅಂಥವರು ಈ ಅರ್ಜಿಯನ್ನು ನಾಳೆಗೆ ಇಡಬಾರದು.

ಭರ್ತಿಯ ವೇಳೆಯ ಪರೀಕ್ಷೆಯ ಪ್ರತಿ ಯಾಕೆ ಅಂದರೆ, 2013ರಲ್ಲಿ ಸುಪ್ರೀಂ ಕೋರ್ಟು ಧರಂವೀರ್ ಸಿಂಗ್ ಕೇಸಿನಲ್ಲಿ ಹೇಳಿದ ಮಾತು ಅದರ ಮೇಲೆ ನಿಂತಿದೆ. ಸೇರುವಾಗ ಕಾಯಿಲೆಯ ದಾಖಲೆ ಇಲ್ಲದಿದ್ದರೆ, ಆಮೇಲೆ ಬಂದದ್ದು ಸೇವೆಯಿಂದ ಬಂದದ್ದೆಂದು ಭಾವಿಸಬೇಕು. ಅಲ್ಲ ಅನ್ನುವವರು ಕಾರಣ ಕೊಡಬೇಕು. ಅಪೀಲಿನ ಬೆನ್ನೆಲುಬು ಇದೇ.

ಅಪೀಲಿನ ಲೆಕ್ಕ ಹೀಗೆ. ತಿರಸ್ಕಾರದ ಪತ್ರ ಬಂದ ಮೇಲೆ ಆರು ತಿಂಗಳೊಳಗೆ ಮೊದಲ ಅಪೀಲು. ಅದೂ ಬಿದ್ದರೆ ಮತ್ತೆ ಆರು ತಿಂಗಳೊಳಗೆ ಎರಡನೆಯ ಅಪೀಲು. ಎರಡನ್ನೂ ರೆಕಾರ್ಡ್ ಆಫೀಸಿನ ಮೂಲಕವೇ ಕಳಿಸಬೇಕು, ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಪತ್ರ ಬಂದ ಲಕೋಟೆಯನ್ನು ಎಸೆಯಬೇಡಿ. ಪತ್ರದ ಮೇಲಿನ ದಿನಾಂಕಕ್ಕೂ ಅಂಚೆಯಣ್ಣ ಊರಿಗೆ ತಂದುಕೊಟ್ಟ ದಿನಕ್ಕೂ ತಿಂಗಳ ಅಂತರ ಇರುವುದುಂಟು, ಅದಕ್ಕೆ ಸಾಕ್ಷಿ ಆ ಲಕೋಟೆಯ ಮೇಲಿನ ಮುದ್ರೆ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಆದ್ದರಿಂದ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ರಸೀದಿಯ ಫೋಟೋಕಾಪಿ ಅದೇ ದಿನ ಮಾಡಿಸಿ. ಅದು ಬಿಸಿಯಿಂದ ಅಚ್ಚಾಗುವ ಕಾಗದ. ನಮ್ಮ ರಾಯಚೂರು, ಬಳ್ಳಾರಿ ಬಿಸಿಲಿಗೆ ತಗಡಿನ ಟ್ರಂಕಿನೊಳಗೆ ಒಂದು ಬೇಸಿಗೆ ಕಳೆದರೆ ಬರೀ ಬಿಳಿ ಚೀಟಿ ಉಳಿಯುತ್ತದೆ. ಮುಂದೆ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್ಲಿನಲ್ಲಿ 'ಅಪೀಲು ಬಂದೇ ಇಲ್ಲ' ಅಂದಾಗ ಆ ಚೀಟಿ ತೋರಿಸಿ ಏನೂ ಸಾಧಿಸಲಾಗದು.

ಅಪೀಲು ಎರಡು ಪುಟ ಮೀರಬಾರದು ಎಂಬುದು ನನ್ನ ನಿಯಮ. ದೇಶಸೇವೆ, ಕಷ್ಟಕಾರ್ಪಣ್ಯ, ಮಕ್ಕಳ ಓದು ಯಾವುದೂ ಬೇಡ. ಸೇರಿದ ದಿನಾಂಕ ಮತ್ತು ಆಗಿನ ಮೆಡಿಕಲ್ ಕೆಟಗರಿ, ಕಾಯಿಲೆ ದಾಖಲಾದ ದಿನಾಂಕ, ಅದಕ್ಕೆ ಹಿಂದಿನ ಎರಡು ಪೋಸ್ಟಿಂಗ್, ಬೋರ್ಡು ಬರೆದ ಕಾರಣವನ್ನು ಅದರದೇ ಮಾತಿನಲ್ಲಿ ಎತ್ತಿ ಬರೆದು, ಅದರ ಕೆಳಗೆ ಆ ಕಾರಣ ಯಾಕೆ ನಿಲ್ಲುವುದಿಲ್ಲ ಎಂಬುದು. ಮನೆಯಲ್ಲಿ ಬೇರೆ ಯಾರಿಗೂ ಈ ಕಾಯಿಲೆ ಇಲ್ಲದಿದ್ದರೆ ಅದನ್ನು ಒಂದು ಸಾಲಿನಲ್ಲಿ ಹೇಳಿ. ಇದ್ದರೆ ಸುಳ್ಳು ಬರೆಯಬೇಡಿ.

ಮತ್ತೆ ಮೆಡಿಕಲ್ ಬೋರ್ಡಿಗೆ ಕರೆದರೆ ಹೋಗಲೇಬೇಕು. ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೆ ಕರೆ ಬಂದರೆ ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್ ಅನುಕೂಲ, ರಾತ್ರಿ ಹತ್ತಿದರೆ ಬೆಳಿಗ್ಗೆ ಅಲ್ಲಿ. ಆಸ್ಪತ್ರೆ ಇರುವುದು ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ, ಸ್ಟೇಷನ್ನಿನಿಂದ ದೂರ. ಬಿಡುಗಡೆಯ ನಂತರದ ಚಿಕಿತ್ಸೆಯ ಚೀಟಿ, ಇಸಿಜಿ, ಎಕ್ಸ್‌ರೇ ಎಲ್ಲ ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿರಲಿ. ಬೋರ್ಡಿನ ಮುನ್ನ ಬಿಪಿ ಮಾತ್ರೆ ನಿಲ್ಲಿಸಿದರೆ ಶೇಕಡಾ ಏರುತ್ತದೆ ಎಂಬ ಮಾತು ಓಡಾಡುತ್ತಿದೆ. ಹಾಗೆ ಮಾಡಬೇಡಿ. ಅವರು ನೋಡುವುದು ವರ್ಷಗಟ್ಟಲೆಯ ದಾಖಲೆ, ಕಣ್ಣು, ಕಿಡ್ನಿ, ಹೃದಯಕ್ಕೆ ಆದ ಹಾನಿ. ಆ ದಿನದ ಒಂದು ರೀಡಿಂಗಿಗಾಗಿ ಪಾರ್ಶ್ವವಾಯು ತರಿಸಿಕೊಳ್ಳುವುದೇನು?

ಜಿಲ್ಲಾಸ್ಪತ್ರೆಯ ಸರ್ಟಿಫಿಕೇಟಿನ ಬಗ್ಗೆ ಗೊಂದಲ ಬಹಳ. ರಿಮ್ಸ್‌ನಲ್ಲೋ ಜಿಲ್ಲಾಸ್ಪತ್ರೆಯಲ್ಲೋ ಮಾಡಿಸಿಕೊಂಡ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯದು. ಅದರಲ್ಲಿ 40 ಶೇಕಡಾ ಬಿದ್ದರೆ ಬೇರೆ ಸೌಲಭ್ಯಗಳಿಗೆ ಉಪಯೋಗ. ಸೇನೆಯ ಪೆನ್ಷನ್ನಿಗೆ ಆ ಶೇಕಡಾ ನಡೆಯುವುದಿಲ್ಲ, ಮಿಲಿಟರಿ ಬೋರ್ಡಿನದೇ ಬೇಕು. ಎರಡು ಕಾಯಿಲೆ ಇದ್ದರೆ 30 ಮತ್ತು 20 ಕೂಡಿ 50 ಆಗುವುದಿಲ್ಲ ಎಂಬುದನ್ನೂ ತಿಳಿದಿರಿ. ಉಳಿದ 70ರಲ್ಲಿ 20 ಶೇಕಡಾ ಎಂದು ಲೆಕ್ಕ ಹಿಡಿದರೆ 44 ಬರುತ್ತದೆ. ಅದನ್ನು ಕಂಡು ಮೋಸವಾಯಿತು ಎಂದು ಅಪೀಲು ಹಾಕಬೇಡಿ.

ಹಣದ ಲೆಕ್ಕ. ನೂರು ಶೇಕಡಾ ಅಂಗವೈಕಲ್ಯಕ್ಕೆ ಡಿಸೆಬಿಲಿಟಿ ಎಲಿಮೆಂಟ್, ಅಂದರೆ ಪೆನ್ಷನ್ನಿನಲ್ಲಿ ಅಂಗವೈಕಲ್ಯದ ಪಾಲು, ಕೊನೆಯ ವೇತನದ 30 ಶೇಕಡಾ, ಅದಕ್ಕಿಂತ ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಇಳಿಕೆ. ಲೆಕ್ಕಕ್ಕೆ ಹಿಡಿಯುವ ವೇತನ 50,000 ರೂಪಾಯಿ ಎಂದಿಟ್ಟುಕೊಳ್ಳಿ. ನೂರಕ್ಕೆ 15,000 ಆಯಿತು. 30 ಶೇಕಡಾ ಅಂಗವೈಕಲ್ಯಕ್ಕೆ 4,500. ಇಲ್ಲಿ ಬ್ರಾಡ್ ಬ್ಯಾಂಡಿಂಗ್ ಎಂಬುದು ಬರುತ್ತದೆ. 2001ರ ಜನವರಿ 31ರ ಸರ್ಕಾರಿ ಪತ್ರದಂತೆ 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, 76ರಿಂದ ಮೇಲಿನದನ್ನು 100 ಎಂದೂ ಹಿಡಿಯುತ್ತಾರೆ. ಅದೇ 30 ಶೇಕಡಾದವನಿಗೆ ಆಗ 7,500. ಇದರ ಮೇಲೆ ತುಟ್ಟಿಭತ್ಯೆ ಬೇರೆ.

ಆ ಪತ್ರ ಕಾಯಿಲೆಯ ಕಾರಣಕ್ಕೆ ಸೇವೆಯಿಂದ ಹೊರಬಂದವರಿಗೆ ಮಾತ್ರ ಎಂದಿತ್ತು. ಅವಧಿ ಮುಗಿಸಿ ಬಂದವರಿಗೂ ಅನ್ವಯ ಎಂದು 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಆದರೂ ಅವಧಿ ಮುಗಿಸಿದವರಿಗೆ ಅದು ತಾನಾಗಿ ಬಂದು ಖಾತೆಗೆ ಬೀಳುವುದಿಲ್ಲ, ಟ್ರಿಬ್ಯೂನಲ್ಲಿಗೆ ಹೋಗಿ ತಂದುಕೊಂಡವರೇ ಹೆಚ್ಚು. ಸ್ವಂತ ಇಚ್ಛೆಯಿಂದ ಬಿಟ್ಟುಬಂದವರಿಗೆ ಏನೂ ಇಲ್ಲ ಎಂಬುದೂ ಹಳೆಯ ಮಾತು, 2006ರ ಜನವರಿ 1ರಿಂದ ಬಿಟ್ಟವರಿಗೆ 2009ರ ಸೆಪ್ಟೆಂಬರ್ 29ರ ಪತ್ರದಿಂದ ಬಾಗಿಲು ತೆರೆಯಿತು. 2023ರ ಸೆಪ್ಟೆಂಬರ್ 21ರ ನಂತರ ಬಂದವರಿಗೆ ಮಾತ್ರ ಈ ಲೆಕ್ಕಗಳನ್ನು ಹಾಗೇ ಹಚ್ಚಬೇಡಿ. ಅವರಿಗೆ 2023ರ ಹೊಸ ನಿಯಮ, 'ಇಂಪೇರ್‌ಮೆಂಟ್ ರಿಲೀಫ್' ಎಂಬ ಹೊಸ ಹೆಸರೂ ಅದರಲ್ಲೇ ಬಂದದ್ದು.

ಎರಡನೆಯ ಅಪೀಲೂ ಬಿದ್ದರೆ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್. ಕರ್ನಾಟಕದವರ ಪೀಠ ಕೊಚ್ಚಿಯದು, ಚೆನ್ನೈಯದಲ್ಲ. ಅಂತಿಮ ಆದೇಶ ಬಂದು ಆರು ತಿಂಗಳೊಳಗೆ ಹೋಗಬೇಕು. ಅಪೀಲು ಕೊಟ್ಟು ಆರು ತಿಂಗಳಾದರೂ ಉತ್ತರವೇ ಇಲ್ಲದಿದ್ದರೂ ಹೋಗಬಹುದು. ಪೆನ್ಷನ್ ತಿಂಗಳು ತಿಂಗಳೂ ಬರಬೇಕಾದ್ದರಿಂದ ತಡವಾಗಿ ಹೋದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪು ಹಿಡಿದು ಬಾಕಿಯನ್ನು ಅರ್ಜಿ ಹಾಕಿದ ದಿನದಿಂದ ಹಿಂದಿನ 3 ವರ್ಷಕ್ಕೆ ಕತ್ತರಿಸಿದ ಆದೇಶಗಳು ಬೇಕಾದಷ್ಟಿವೆ. ತಡ ಮಾಡಿದ ಒಂದೊಂದು ತಿಂಗಳೂ ಕೈಬಿಟ್ಟ ಹಣ. ವಕೀಲರ ಫೀ ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಂಗವಿಕಲರಿಗೆ ಉಚಿತ ಕಾನೂನು ನೆರವು ಕಾಯ್ದೆಯಲ್ಲೇ ಇದೆ. ಅರಿಯರ್ಸ್‌ನಲ್ಲಿ ಪಾಲು ಕೇಳುವ ಏಜೆಂಟರಿಗೆ ಸ್ಪರ್ಶ್ (ಸೇನಾ ಪೆನ್ಷನ್ನಿನ ಆನ್‌ಲೈನ್ ಪೋರ್ಟಲ್) ಪಾಸ್‌ವರ್ಡ್ ಕೊಟ್ಟವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಮಂಜೂರಾದ ಮೇಲೂ ಹಣ ನಿಲ್ಲುವ ಒಂದು ಜಾಗವಿದೆ, ಹೆಸರು. ನಮ್ಮ ಕಡೆ ಹುಲಿಗೆಪ್ಪ, ಹುಲಿಗೆಮ್ಮ ಹೆಸರು ಮನೆಮನೆಗೆ. ಭರ್ತಿಯ ದಿನ ಕ್ಲರ್ಕ್ ಕಿವಿಗೆ ಬಿದ್ದಂತೆ 'ಹುಲ್ಗಪ್ಪ' ಎಂದು ಬರೆದಿರುತ್ತಾನೆ, ಆಧಾರಿನಲ್ಲಿ 'ಹುಲಿಗೆಪ್ಪ', ಬ್ಯಾಂಕಿನಲ್ಲಿ ಅಪ್ಪನ ಹೆಸರು ಮುಂದೆ, ಮನೆತನದ ಹೆಸರು ಹಿಂದೆ. ಹೆಂಡತಿಯ ಹೆಸರು ಪಾರ್ಟ್ ಟೂ ಆರ್ಡರಿನಲ್ಲಿ (ಮದುವೆ, ಮಕ್ಕಳ ವಿವರ ದಾಖಲಿಸುವ ಸೇನಾ ಆದೇಶ) ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಸೇನೆಯ ದಾಖಲೆ ತಿದ್ದಿಸುವುದಕ್ಕಿಂತ ಆಧಾರ್ ಮತ್ತು ಬ್ಯಾಂಕಿನ ಖಾತೆಯನ್ನು ಪಿಪಿಒ ಪ್ರಕಾರ ತಿದ್ದಿಸುವುದು ಬೇಗ ಮುಗಿಯುವ ಕೆಲಸ. ಕ್ಲೇಮು ನಡೆಯುತ್ತಿರುವಾಗಲೇ ಇದನ್ನು ಮುಗಿಸಿ.

ಕಾರಿಜೆಂಡಮ್ ಪಿಪಿಒ, ಅಂದರೆ ತಿದ್ದುಪಡಿಯ ಪಿಪಿಒ, ಸ್ಪರ್ಶ್‌ನಲ್ಲಿ ಕಂಡ ದಿನ ನಾಲ್ಕು ಸಾಲು ನೋಡಿ: ಶೇಕಡಾ ಎಷ್ಟು, ಅದನ್ನು 50ಕ್ಕೋ 75ಕ್ಕೋ ಏರಿಸಿದ್ದಾರೆಯೇ, ಯಾವ ದಿನಾಂಕದಿಂದ, ಜೀವನಪರ್ಯಂತ ಎಂದಿದೆಯೇ. ಮೊದಲ ತಿಂಗಳ ಪೆನ್ಷನ್ ಸ್ಲಿಪ್ಪಿನಲ್ಲಿ ಡಿಸೆಬಿಲಿಟಿ ಎಲಿಮೆಂಟ್ ಬೇರೆ ಸಾಲಿನಲ್ಲಿ ಬಂದಿರಬೇಕು, ತುಟ್ಟಿಭತ್ಯೆಯನ್ನು ಅದರ ಮೇಲೂ ಹಾಕಿರಬೇಕು. ಇಲ್ಲದಿದ್ದರೆ ಸ್ಪರ್ಶ್‌ನಲ್ಲೇ ಗ್ರೀವೆನ್ಸ್ ಹಾಕಿ, ಆ ನಂಬರು ಬರೆದಿಟ್ಟುಕೊಳ್ಳಿ. ಲೈಫ್ ಸರ್ಟಿಫಿಕೇಟು ತಪ್ಪಿದರೆ ಸರ್ವಿಸ್ ಪೆನ್ಷನ್, ಡಿಸೆಬಿಲಿಟಿ ಪೆನ್ಷನ್ ಎರಡೂ ಒಟ್ಟಿಗೇ ನಿಲ್ಲುತ್ತವೆ. ಊರಿನ ಸಿಎಸ್‌ಸಿಯಲ್ಲಿ (ಕಾಮನ್ ಸರ್ವಿಸ್ ಸೆಂಟರ್) ಬೆರಳಚ್ಚು ಕೊಟ್ಟರೆ ಸಾಕು. ಹತ್ತಿ ಬಿಡಿಸಿ, ಭತ್ತ ಕಟಾವು ಮಾಡಿ ಬೆರಳು ಸವೆದಿದ್ದರೆ ಯಂತ್ರ ಹಿಡಿಯುವುದಿಲ್ಲ, ಹಿಂದಿನ ರಾತ್ರಿ ಎಣ್ಣೆ ಹಚ್ಚಿ ಬೆಳಿಗ್ಗೆ ಸಾಬೂನಿನಿಂದ ತೊಳೆದುಕೊಂಡು ಹೋಗಿ.